ನಮ್ಮ ಬೀದಿಯ ರಕ್ಷಣಾ ವೆಚ್ಚ

ಮೊದಲ ಕಲ್ಲು ಇಟ್ಟವರು ಯಾರು ಎಂಬುದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಪಕ್ಕದ ಮನೆಯ ಗಂಗಣ್ಣನವರು ಎಂದು ನನ್ನ ನೆನಪು. ಆದರೆ ಆ ನೆನಪು ನಮ್ಮ ಗೇಟಿನ ಒಳಗೆ ನಿಂತು ನೋಡಿದ್ದು. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ನನಗಾದ ಲಾಭವೆಂದರೆ, ನನ್ನ ಮಾತನ್ನೇ ನಾನು ಪೂರ್ತಿ ನಂಬುವುದಿಲ್ಲ. ಅಪ್ಪನನ್ನು ಕೇಳಿದರೆ "ಅವರೇ ಕಣೆ, ಇನ್ಯಾರು" ಅನ್ನುತ್ತಾರೆ. ಗಂಗಣ್ಣನವರನ್ನು ಕೇಳಿದರೂ ಇದೇ ಉತ್ತರ, ಬೆರಳು ಮಾತ್ರ ನಮ್ಮ ಮನೆ ಕಡೆ.

ನಾಗಸಂದ್ರದ ನಮ್ಮ ಬೀದಿಯಲ್ಲಿ ಮೆಟ್ರೋ ಹತ್ತಲು ಬರುವವರು ಸಿಕ್ಕಲ್ಲಿ ಕಾರು ನಿಲ್ಲಿಸಿ ಹೋಗುತ್ತಾರೆ. ಗಂಗಣ್ಣನವರು ತಮ್ಮ ಮನೆ ಮುಂದೆ ಕಲ್ಲಿಟ್ಟರೆ ಆ ಕಾರುಗಳು ನಮ್ಮ ಮುಂದೆ ಬರುತ್ತವೆ. ನಾವು ಎರಡಿಟ್ಟರೆ ಅವರ ಮುಂದೆ ಹೋಗುತ್ತವೆ. ಹೀಗೆ ಕಲ್ಲು ಹೋಗಿ ಹೂಕುಂಡ ಬಂತು, ಹೂಕುಂಡ ಹೋಗಿ ಎಣ್ಣೆ ಡಬ್ಬಕ್ಕೆ ಸಿಮೆಂಟು ತುಂಬಿ ನಡುವೆ ಕಬ್ಬಿಣದ ಪೈಪು ನಿಲ್ಲಿಸಿದ ಆಯುಧ ಬಂತು. ಎರಡೂ ಮನೆಯಲ್ಲಿ ಕಾರು ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಮ್ಮ ಹಳೇ ಸ್ಕೂಟರು ಗೇಟಿನ ಒಳಗೇ ಮಲಗುತ್ತಿತ್ತು.

ಇದೇ ಅಪ್ಪ ಬೆಳಿಗ್ಗೆ ಕಾಫಿ ಹೀರುತ್ತಾ ಪತ್ರಿಕೆ ಓದಿ ಜಗತ್ತಿಗೆ ಬೈಯುವವರು. "ಆಸ್ಪತ್ರೆಗೆ ಕೊಡಿ ಅಂದ್ರೆ ಕಾಸಿಲ್ಲ, ಬಾಂಬಿಗೆ ಮಾತ್ರ ಇದೆ. ಪಕ್ಕದೋನು ಒಂದು ಕೊಂಡ ಅಂತ ಇವನು ಎರಡು. ಎಲ್ಲಾ ದೇಶಾನೂ ಇಷ್ಟೇ, ದೊಡ್ಡದು ಚಿಕ್ಕದು ಅಂತಿಲ್ಲ. ಬುದ್ಧಿ ಬೇಡ್ವಾ?" ಎಂದು ಕೇಳಿ, ಲೋಟ ಕೆಳಗಿಟ್ಟು, ಡಬ್ಬಕ್ಕೆ ಕೆಂಪು ಬಿಳಿ ಪಟ್ಟೆ ಬಳಿಯಲು ಹೊರಡುತ್ತಿದ್ದರು. ಸಿಮೆಂಟು ತಂದದ್ದು ಬಚ್ಚಲುಮನೆ ರಿಪೇರಿಗೆ. "ಬಚ್ಚಲು ಸೋರ್ತಾನೇ ಇದೆ, ಗಡಿ ಮಾತ್ರ ಭದ್ರವಾಗಿದೆ" ಎಂದು ಅಮ್ಮ ಬಕೆಟ್ ಇಡುತ್ತಿದ್ದರು.

ಅಷ್ಟರಲ್ಲಿ ನಾನು ಕಾರು ಕೊಂಡೆ. ಸೆಕೆಂಡ್ ಹ್ಯಾಂಡು, ಸಾಲದ್ದು, ಪ್ರಾಣಕ್ಕೆ ಸಮ. ಮನೆ ಮುಂದೆ ಬಂದು ಹಾರ್ನ್ ಮಾಡಿದೆ. ಅಪ್ಪ ಸಂತೋಷದಿಂದ ಓಡಿ ಬಂದರು, ಡಬ್ಬ ಸರಿಸಲು ಬಗ್ಗಿದರು, ಹಾಗೇ ನಿಂತರು. ಡಬ್ಬವನ್ನು ಯಾರೂ ಕದಿಯಬಾರದೆಂದು ಬುಡಕ್ಕೂ ಸಿಮೆಂಟು ಬಳಿದು ರಸ್ತೆಗೇ ಅಂಟಿಸಿದ್ದರು. "ಅಲ್ಲಾಡಿಸೋಕಾದ್ರೆ ಅದೆಂಥಾ ಭದ್ರತೆ ಹೇಳು" ಎಂದು ನನ್ನನ್ನೇ ಕೇಳಿದರು.

ಕಾರು ಹಾಕಲು ಜಾಗ ಹುಡುಕುತ್ತಾ ನಾನು ಬೀದಿ ಸುತ್ತುವುದನ್ನು ಜಗಲಿಯಿಂದ ನೋಡಿದ ಗಂಗಣ್ಣನವರು, "ಯಾಕವ್ವ ಇಂಗೆ ಗಿರಿಗಿಟ್ಲೆ ಒಡೀತೀಯ? ತಗಿ, ನಮ್ಮನೆ ಮುಂದೆ ಆಕ್ಬುಡು" ಎಂದು ತಮ್ಮ ಡಬ್ಬ ಉರುಳಿಸಿ ಒಳಗಿಟ್ಟರು. "ಇದರಲ್ಲೇನೋ ತಂತ್ರ ಇದೆ" ಎಂದರು ಅಪ್ಪ. ಅವತ್ತು ಊಟದ ಹೊತ್ತಿಗೆ ನಾನು ನಿಶ್ಶಸ್ತ್ರೀಕರಣದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ ಹುಳಿ ಆರಿಹೋಯಿತು. ಯಾರಾದರೂ ಒಬ್ಬರು ಮೊದಲು ಕೆಳಗಿಡಬೇಕು, ನಂಬಿಕೆಯೇ ನಿಜವಾದ ರಕ್ಷಣೆ, ಇತ್ಯಾದಿ.

ಮರುದಿನ ಕೆಲಸ ಮುಗಿಸಿ ಬಂದರೆ, ಗಂಗಣ್ಣನವರು ಬಿಟ್ಟುಕೊಟ್ಟ ನನ್ನ ಜಾಗದಲ್ಲಿ ಯಾವನದೋ ಬಿಳಿ ಕಾರು ಆರಾಮಾಗಿ ನಿಂತಿತ್ತು. ನನ್ನದನ್ನು ಮೂರು ಬೀದಿ ಆಚೆ ಬಿಟ್ಟು, ನಡೆದುಕೊಂಡು ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಅಪ್ಪನನ್ನು ಕೇಳಿದೆ: "ಅಪ್ಪ, ಸಿಮೆಂಟು ಇನ್ನೂ ಮಿಕ್ಕಿದೆಯಾ?"