ಉಂಡ ಮನೆಯ ಜಪ್ತಿ

ನಲ್ಲಿ ನೀರಿಗೆ ಕಾಸು ಕೊಡುವವನು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಪುರಸಭೆಯ ಬಾಗಿಲಲ್ಲೇ ನಿಂತು ಸಾರಿ ಬಂದವನು ನಾನು! ಹಿತ್ತಲಲ್ಲಿ ತಾತ ತೋಡಿಸಿದ ಬಾವಿಯಿದೆ, ತೋಟದಲ್ಲಿ ಎಳನೀರಿದೆ. ಎಪ್ಪತ್ತೆಂಟನೇ ಇಸವಿಯಲ್ಲಿ ಅಂಗಳಕ್ಕೆ ನಲ್ಲಿ ಬಂದದ್ದು ಹೆಂಡತಿ ಗಿರಿಜಾಂಬಿಕಾಳ ಹಟಕ್ಕೆ. ನಾನೇಕೆ ಕಂದಾಯ ಕಟ್ಟಲಿ?

ಬಾಕಿ ಬೆಳೆಯಿತು. ಜಪ್ತಿಗೆ ಬರುತ್ತಾರೆಂದು ಸುದ್ದಿಯೂ ಬಂತು. ಅವಳಿಗೆ ತನ್ನ ಹಂಡೆಯದೇ ಚಿಂತೆ. ಶೆಟ್ಟಿಕೆರೆಯ ತವರಿನವರು ಕೊಟ್ಟ ತಾಮ್ರದ ಹಂಡೆ ಬೀದಿಯಲ್ಲಿ ಹೋದರೆ ತವರಿನ ಮಾನವೇ ಹೋದಂತೆ. ನಾನು ಬಗ್ಗುವವನೇ? ಬೆಳಗಾಗುತ್ತಲೇ ಹಂಡೆಯಿಂದ ಹಿಡಿದು ಸೌಟಿನವರೆಗೆ ಎಲ್ಲವನ್ನೂ ಪಕ್ಕದ ಮನೆ ಅಮೀನಾ ಬೀಯವರ ನಡುಮನೆಗೆ ಸಾಗಿಸಿದೆ. ಮನೆ ಬೋಳುಗುಡ್ಡವಾಯಿತು. ಕೋಟೆ ಕಾಯುವ ಪಾಳೆಯಗಾರನಂತೆ ಜಗಲಿಯ ಮೇಲೆ ಕುಳಿತೆ.

ಬಿಲ್ ಕಲೆಕ್ಟರ್ ದುರ್ಗಯ್ಯ, ಜವಾನ ಮಾಯಣ್ಣ ಬಂದಾಗ ನಡುಮಧ್ಯಾಹ್ನ. ಒಳಗೆಲ್ಲ ಹುಡುಕಿದರು. ಒಂದು ಲೋಟವೂ ಸಿಗಲಿಲ್ಲ.

"ಅಟ್ಟದ ಮ್ಯಾಲೆ ತೆಂಗಿನಕಾಯಿ ಅವೆ, ಇಳಿಸ್ಕಳಪ್ಪ," ಎಂದೆ, ಮೀಸೆ ತಿರುವುತ್ತ.

"ಇನ್ನೂ ಒಣಗಿ ಗಿಟುಕಾಗಿಲ್ಲ ಯಜಮಾನ್ರೇ. ಹಸೀಲೇ ಇಳಿಸಿದ್ರೆ ಕೊಬ್ಬರಿ ಕೆಟ್ಟೋಯ್ತದೆ. ನಾನೂ ತೆಂಗಿನ ಸೀಮೇವ್ನೇ," ಎಂದು ದುರ್ಗಯ್ಯ ಬೆವರೊರೆಸಿಕೊಂಡ. "ಬರಿಗೈಲಿ ಹೋದ್ರೆ ನನ್ನ ಸಂಬಳ ಹಿಡೀತಾರೆ. ಮನೇಲಿ ಮಗಳು ಬಾಣಂತಿ."

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಗಿರಿಜಾಂಬಿಕಾ ಹೊರಬಂದಳು.

"ಉಣ್ಣೋ ಹೊತ್ನಲ್ಲಿ ಬಂದೋರ್ನ ಹಂಗೇ ಕಳ್ಸಾಕಾಯ್ತದಾ?"

"ಅವರು ಜಪ್ತಿಗೆ ಬಂದವ್ರೆ ಕಣೇ."

"ಜಪ್ತಿಗೆ ಬಂದೋರ್ಗೆ ಹೊಟ್ಟೆ ಇರಲ್ವಾ?"

ಪಕ್ಕದ ಮನೆಗೆ ಒಂದು ಕೂಗು ಹಾಕಿದಳು. ಅಮೀನಾ ಬೀ ಗೋಡೆಯ ಮೇಲಿಂದ ಗಡಿಗೆ, ಉಣ್ಣುವ ಗಂಗಳ, ಸೌಟು ಒಂದೊಂದಾಗಿ ದಾಟಿಸಿದರು. ನಾನು ಅಡಗಿಸಿದ್ದ ಸಂಸಾರವೆಲ್ಲ ಜಪ್ತಿಯವರ ಕಣ್ಣೆದುರೇ ಮೆರವಣಿಗೆ ಬಂತು. ಹಂಡೆಯನ್ನಂತೂ ಮಾಯಣ್ಣನೇ ಹೋಗಿ ಹೊತ್ತು ತಂದ, ಉಪಕಾರವಾಗಲೆಂದು.

ಮುದ್ದೆ, ಹುರುಳಿ ಸಾರು ಉಂಡೆದ್ದ ದುರ್ಗಯ್ಯ ಹಂಡೆಯನ್ನು ನೋಡಿದ, ತನ್ನ ಗಂಗಳವನ್ನು ನೋಡಿದ, ತಲೆ ತಗ್ಗಿಸಿದ.

"ಉಂಡ ಮನೆ ಪಾತ್ರೆ ಹೆಂಗವ್ವಾ ಎತ್ಕೊಂಡೋಗ್ಲಿ?"

"ಪಾತ್ರೆ ಯಾಕೆ? ಇವರ್ನೇ ಜಪ್ತಿ ಮಾಡಿ," ಎಂದು ನನ್ನತ್ತ ಕೈ ತೋರಿದಳು.

"ಯಜಮಾನ್ರನ್ನ ಹರಾಜಿಗಿಟ್ರೆ ಕೂಗೋರು ಯಾರವ್ವಾ?"

ಮಾಯಣ್ಣ ಕಿಸಕ್ಕೆಂದ.

"ನಾನ್ ಕೂಗ್ತೀನಿ ಬುಡಿ," ಎಂದಳು ಗಿರಿಜಾಂಬಿಕಾ. ಬೆಣ್ಣೆ ಮಾರಿ ಕೂಡಿಟ್ಟಿದ್ದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಬಾಕಿಯಷ್ಟನ್ನೂ ದುರ್ಗಯ್ಯನ ಕೈಗಿಟ್ಟಳು. "ಬೆಲೆ ಜಾಸ್ತೀನೇ ಆಯ್ತು. ಆದ್ರೂ ನಮ್ಮನೇಲೇ ಇರ್ಲಿ, ಬ್ಯಾರೆ ಕಡೆ ಹೊಂದ್ಕಳಲ್ಲ ಇವರು."

ಅವರಿಬ್ಬರೂ ಬೀದಿ ದಾಟಿದರು. ಅವಳು ಏನೂ ಆಗಿಲ್ಲವೆಂಬಂತೆ ನನಗೂ ಬಿಸಿ ಮುದ್ದೆ ಬಡಿಸಿದಳು, ಒಂದು ಚಮಚ ತುಪ್ಪ ಹೆಚ್ಚಾಗಿಯೇ. ಕಣ್ಣು ತುಂಬಿಕೊಂಡು ಉಂಡೆ.

ಏಳುತ್ತಿದ್ದಂತೆ ಎಂಜಲು ಗಂಗಳಗಳನ್ನೆಲ್ಲ ನನ್ನ ಮುಂದೆ ಜೋಡಿಸಿ ಹೇಳಿದಳು: "ತೊಳೀರಿ ಮತ್ತೆ. ಕೊಂಡ ಮಾಲು ಕೆಲ್ಸಕ್ಕೆ ಬತ್ತದೋ ಇಲ್ವೋ ನೋಡಾನ."