ಬಿಚ್ಚಿ ಹೆಣೆಯುವ ಬುಟ್ಟಿ

ನನಗೆ ಸಿಟ್ಟು ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ನಮ್ಮ ಸಿರುಗುಪ್ಪದಲ್ಲಿ ಗಂಡಸರು ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಾರೆ. ಆಡಿ ಏನು ತಂದಿರಿ ಎಂದು ಅವರನ್ನು ಒಬ್ಬರೂ ಕೇಳುವುದಿಲ್ಲ. ಹೆಂಗಸು ತನ್ನ ಖುಷಿಗೆ ಕೈಯಾಡಿಸಿದರೆ ಮಾತ್ರ ಓಣಿಗೆಲ್ಲ ಜವಾಬು ಕೊಡಬೇಕು.

ಪ್ಲಾಸ್ಟಿಕ್ ವೈರಿನ ಬುಟ್ಟಿಗಳು ಆಗತಾನೇ ಬಂದಿದ್ದ ಕಾಲ. ಮಗ ಬಳ್ಳಾರಿಯಿಂದ ಹಸಿರು, ಬಿಳಿ ವೈರು ತಂದುಕೊಟ್ಟ. ನಾನು ಸಹಿ ಹಾಕಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಅಷ್ಟೇ ನನ್ನ ಓದು. ಗಂಟು ಮಾತ್ರ ನೋಡಿದ ಕೂಡಲೇ ಬಂತು. ದಿನಾ ಮುಸುರೆ ತೊಳೆದ ಮೇಲೆ ಬಾಗಿಲಲ್ಲಿ ಕೂತು ಹೆಣೆಯುತ್ತಿದ್ದೆ. ಬುಟ್ಟಿ ಮುಗಿದರೆ ಬಿಚ್ಚಿ, ಅದೇ ವೈರಿನಿಂದ ಬೇರೆ ಚಿತ್ತಾರ ಹಾಕುತ್ತಿದ್ದೆ. ಮುಗಿದ ಬುಟ್ಟಿಯನ್ನು ಇಟ್ಟು ಪೂಜೆ ಮಾಡಲೇ? ಹೆಣೆಯುವಷ್ಟು ಹೊತ್ತು ನನಗೆ ಸೊಂಟನೋವೂ ನೆನಪಿರುತ್ತಿರಲಿಲ್ಲ, ಮನೆಯವರೂ ನೆನಪಿರುತ್ತಿರಲಿಲ್ಲ.

ಸೊಸೆಗೆ ತಡೆಯಲಾಗಲಿಲ್ಲ. “ಅತ್ತಿ, ಬಿಚ್ಚಾಕ ಯಾಕ ಹೆಣೀತೀರಿ?”

“ನೀ ಅಳಿಸಾಕ ದಿನಾ ರಂಗೋಲಿ ಹಾಕಂಗಿಲ್ಲೇನು?”

“ಅದು ಬ್ಯಾರೆ ರೀ.”

“ಹೆಂಗ ಬ್ಯಾರೆ?”

ಸೊಸೆ ಒಳಗೆ ಹೋಗಿ ಗಂಡನಿಗೆ, “ನಿಮ್ಮವ್ವಗ ತಲಿ ಸರಿ ಇಲ್ಲ,” ಎಂದಳು. ನನ್ನ ತಲೆ ಹೇಗೋ, ಕಿವಿ ಚೆನ್ನಾಗಿದ್ದವು.

ಅಷ್ಟರಲ್ಲಿ ಕುರುಗೋಡಿನಿಂದ ನಾದಿನಿ ನೀಲಮ್ಮ ಬಂದಳು. ನಾನು ಹಿತ್ತಲಲ್ಲಿದ್ದಾಗ ನನ್ನ ಬುಟ್ಟಿಗೆ ಬದನೆಕಾಯಿ ತುಂಬಿಕೊಂಡು ಬಸ್ಸು ಹತ್ತಿದಳು. ಕೊಟ್ಟವಳು ಸೊಸೆಯೇ. “ಹೆಂಗೂ ಬಿಚ್ಚೋರಿದ್ರಲ್ಲ!” ಎಂದಳು. ಹೊಸ ವೈರು ತರಿಸೋಣವೆಂದರೆ ಬಳ್ಳಾರಿಯ ಅಂಗಡಿಯಲ್ಲಿ ಮುಗಿದಿತ್ತು. ಮಧ್ಯಾಹ್ನ ಬರಿಗೈಯಲ್ಲಿ ಬಾಗಿಲಲ್ಲಿ ಕೂತೆ. ಸೊಂಟ ನೋಯತೊಡಗಿತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಕಣ್ಣಿಗೆ ಬೀಳತೊಡಗಿದರು. ಎರಡನ್ನೂ ಒಟ್ಟಿಗೆ ಸಹಿಸುವ ವಯಸ್ಸು ನನ್ನದಲ್ಲ. ಬೆಳಗಾಗುತ್ತಲೇ ಕುರುಗೋಡಿಗೆ ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಬಾಯಿಬಿಟ್ಟೇ ಜೋಡಿಸಿಕೊಂಡೆನೆಂದು ಕಾಣುತ್ತದೆ, ಪಕ್ಕದವಳು ಎದ್ದು ಹಿಂದಿನ ಸೀಟಿಗೆ ಹೋದಳು.

ನೀಲಮ್ಮ ಪಡಸಾಲೆಯಲ್ಲಿ ವೈರಿನ ರಾಶಿಯ ನಡುವೆ ಕೂತಿದ್ದಳು.

“ಲೇ, ನನ್ನ ಬುಟ್ಟಿ ಎಲ್ಲೈತಿ?”

“ಇದ ಐತಿ ನೋಡ್ರಿ, ಅತ್ತಿಗಿ. ಹೆಂಗ ಹಾಕೀರಿ ನೋಡಬೇಕಂತ ಬಿಚ್ಚಿದೆ. ಈಗ ಏನು ಮಾಡಿದ್ರೂ ಕೂಡವಲ್ದು. ಒಲಿ ಸುದ್ದಾ ಹಚ್ಚಿಲ್ಲ.”

“ದರಿದ್ರದಾಕಿ, ಬುಡಾನ ತಪ್ಪು ಹಾಕೀದಿ! ಆಕಡಿ ಸರಿ!”

ಅಲ್ಲೇ ಕೂತೆ. ಒಂದು ಗಂಟಿಗೆ ಒಂದು ಬೈಗುಳದಂತೆ ಹೇಳಿಕೊಟ್ಟೆ. ಜೋಡಿಸಿ ತಂದದ್ದು ಸಾಲದೆ ಅಲ್ಲಿಯೇ ಹೊಸದು ಹುಟ್ಟಿಸಬೇಕಾಯಿತು. ಅವಳ ಗಂಡ ಇಣುಕಿ, “ಅಡಿಗಿ ಆತೇನು?” ಎಂದ. ಅವನನ್ನು ಇಬ್ಬರೂ ಸೇರಿ ಬೈದು ಓಡಿಸಿದೆವು. ಊರಿಗೆ ಹೋಗುವ ಬಸ್ಸು ಯಾವಾಗ ಹೋಯಿತೋ ತಿಳಿಯಲಿಲ್ಲ.

ಮರುದಿನ ನೀಲಮ್ಮ ಬುಟ್ಟಿ ಮುಗಿಸಿ ನನ್ನ ಮುಂದಿಟ್ಟಳು. ಬಾಯಿ ದುಂಡಗೆ, ತಟ್ಟೆ ಬೋರಲು ಹಾಕಿದರೆ ಕೂಡುವಷ್ಟು ಸಮನಾಗಿತ್ತು. ಇವತ್ತಿನವರೆಗೆ ಹೆಣೆದರೂ ನನ್ನ ಬುಟ್ಟಿಯ ಬಾಯಿ ಒಂದು ಕಡೆಗೆ ವಾಲುವುದನ್ನು ಬಿಟ್ಟಿಲ್ಲ.

“ಚಲೋ ಬಂತಲ್ರೀ, ಅತ್ತಿಗಿ?”

“ಬಿಚ್ಚು.”

“ಯಾಕ್ರೀ, ಎಲ್ಲಿ ತಪ್ಪೈತಿ?”

“ತಪ್ಪಿದ್ರ ಇಟ್ಕೊ ಅಂತಿದ್ನಲ್ಲ! ಬಿಚ್ಚಂದ್ರ ಬಿಚ್ಚಲೇ!”