ತಮ್ಮ ಹಿಂದಿನ ಎರಡು ಚಕ್ರಗಳ ಭಿನ್ನಮತದ ಬಗ್ಗೆ

ಗೆ,
ಬಂಡೆ ಏರುವ ಟ್ರಕ್ ಮಹಾಶಯರು,
ಊಟದ ಮೇಜಿನ ಎಡಭಾಗ, ಹಳೆಯ ಪೇಪರಿನ ಮೇಲೆ.

ಮಾನ್ಯರೇ,

ತಮ್ಮ ನಾಲ್ಕೂ ಚಕ್ರಗಳಿಗೆ ಬೇರೆ ಬೇರೆಯಾಗಿ ನನ್ನ ವಂದನೆಗಳು. ಒಟ್ಟಿಗೆ ಒಂದೇ ಸಲ ವಂದಿಸಬಹುದಿತ್ತು. ಆದರೆ ಆ ಭಾನುವಾರದ ನಂತರ ಅವು ಯಾವ ವಿಷಯದಲ್ಲಾದರೂ ಒಮ್ಮತಕ್ಕೆ ಬರುತ್ತವೆಂಬ ಭರವಸೆ ನನಗಿಲ್ಲ, ಮುಂದಿನವು ಸ್ವೀಕರಿಸಿದ ವಂದನೆಯನ್ನು ಹಿಂದಿನವು ವಾಪಸು ಕಳಿಸಿದರೂ ಕಳಿಸಿಯಾವು. ತಮ್ಮ ಬ್ಯಾಟರಿ ತುಂಬಿದೆ, ಸ್ಪ್ರಿಂಗುಗಳು ಮೆತ್ತಗಿವೆ, ನಾನು ಬಳಿದ ಕೆಂಪು ಬಣ್ಣ ಇನ್ನೂ ಸ್ವಲ್ಪ ಕೈಗೆ ಅಂಟುತ್ತಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಇದು ಬಹಿರಂಗ ಪತ್ರವೇಕೆಂದರೆ, ತಾವು ನನ್ನ ಮಾನ ಕಳೆದದ್ದೂ ಬಹಿರಂಗವಾಗಿಯೇ.

ತಮ್ಮ ಪರಿಚಯವಿಲ್ಲದವರೂ ಇದನ್ನು ಓದಬಹುದಾದ್ದರಿಂದ ಎರಡು ಮಾತು ಹೇಳಿಬಿಡುತ್ತೇನೆ. ತಾವು ನಿಜವಾದ ಟ್ರಕ್ಕಿನ ಹತ್ತನೇ ಒಂದು ಪಾಲಿನಷ್ಟಿದ್ದೀರಿ, ಅಂದರೆ ಮೈಚಾಚಿ ಮಲಗಿದ ಬೆಕ್ಕಿನಷ್ಟು. ರಿಮೋಟಿನ ಗುಂಡಿ ಒತ್ತಿದರೆ ನಡೆಯುತ್ತೀರಿ. ಓಡುವುದು ತಮ್ಮ ಜಾಯಮಾನವಲ್ಲ. ಬೇರೆ ಆಟಿಕೆ ಕಾರುಗಳು ಗೋಡೆಗೆ ಗುದ್ದಿ ಮೂಗು ಒಡೆದುಕೊಳ್ಳುವ ಹೊತ್ತಿಗೆ ತಾವು ಒಂದು ಕಲ್ಲಿನ ಬುಡದಲ್ಲಿ ನಿಂತು, ಒಂದು ಚಕ್ರವನ್ನು ಮೆಲ್ಲಗೆ ಅದರ ಮೇಲಿಟ್ಟು, ಬಸುರಿ ಮೆಟ್ಟಿಲು ಹತ್ತುವಷ್ಟು ಎಚ್ಚರದಿಂದ ಏರುತ್ತೀರಿ. ಲೋಕದಲ್ಲಿ ಬದಲಾವಣೆ ಹೀಗೇ ಬರಬೇಕೆಂದು ಓದಿದ್ದವಳಿಗೆ ತಮ್ಮನ್ನು ಕಂಡೊಡನೆ ಎದೆ ತುಂಬಿ ಬಂದದ್ದು ಸಹಜವಷ್ಟೆ?

ತಮ್ಮ ಹೊಟ್ಟೆಯಡಿ ಕಂಪನಿಯವರು ಒಂದು ಚೀಟಿ ಅಂಟಿಸಿದ್ದರು: 'ಬಳಕೆದಾರರು ಬಿಚ್ಚತಕ್ಕದ್ದಲ್ಲ.' ತಮ್ಮ ಮೇಲೆ ನನಗೆ ಮಮತೆ ಹುಟ್ಟಿದ್ದು ಆ ಕ್ಷಣದಲ್ಲಿ. ನಮ್ಮ ಬೀದಿಯ ಮನೆಮನೆಯಲ್ಲೂ ಇಂಥದೇ ಚೀಟಿ ಹೊತ್ತ ಫ್ಯಾನು, ಮಿಕ್ಸಿ, ರೇಡಿಯೊಗಳು ಸತ್ತು ಅಟ್ಟ ಸೇರಿವೆ. ಒಳಗೇನಿದೆ ಎಂದು ನೋಡುವ ಧೈರ್ಯ ಅವುಗಳ ಒಡೆಯರಿಗಿಲ್ಲ. ಬಿಚ್ಚಿ ನೋಡಲು ಹೆದರುವವರು ತಮ್ಮ ಮನೆಯ ಸಾಮಾನಿಗೇ ಬಾಡಿಗೆದಾರರು ಎಂದು ನಾನೇ ಒಂದು ಕರಪತ್ರ ಬರೆದು ಕಂಬಕಂಬಕ್ಕೂ ಅಂಟಿಸಿದೆ. ಅದನ್ನು ಓದಿದವರು ಯಾರೂ ಬರಲಿಲ್ಲ. ಮನೆಯವರು ಮಾತ್ರ ಅಂದಿನಿಂದ ನನ್ನನ್ನೇ 'ಕರಪತ್ರ' ಎಂದು ಕರೆಯತೊಡಗಿದರು. ಆಗ ನನಗೆ ಹೊಳೆದದ್ದು, ನಮ್ಮ ಮನೆಯ ಹಿಂದಿನ ಕೋಣೆ. ಅಲ್ಲೊಂದು 'ಬಿಚ್ಚುಮನೆ' ತೆರೆದರೆ, ಯಾರು ಬೇಕಾದರೂ ತಮ್ಮ ಕೆಟ್ಟ ಯಂತ್ರ ತಂದು, ಎಲ್ಲರ ಕಣ್ಣೆದುರು ಬಿಚ್ಚಿ, ಕಲಿತು, ಕಟ್ಟಿಕೊಂಡು ಹೋಗಬಹುದು.

ಆದರೆ ಆ ಕೋಣೆಯ ಮೇಲೆ ಅಕ್ಕನಿಗೂ ಕಣ್ಣಿತ್ತು. ಅಕ್ಕ ಬಟ್ಟೆ ಹೊಲಿಯುತ್ತಾಳೆ, ಅಂಚು ಹೊಲಿಯುವ ಇನ್ನೊಂದು ಯಂತ್ರ ತರಿಸುವವಳಿದ್ದಳು, ಅದಕ್ಕೆ ಜಾಗ ಬೇಕಿತ್ತು. ನಾವಿಬ್ಬರೂ ಒಂದು ತಿಂಗಳು ವಾದಿಸಿ ಮನೆಯ ಸೂರು ಹಾರಿಸುವ ಹಂತಕ್ಕೆ ಬಂದಾಗ, ಬಸ್ಸು ಓಡಿಸಿ ದಣಿದು ಬಂದ ಅಪ್ಪ ತೀರ್ಪು ಕೊಟ್ಟರು: "ನೋಡು ಕರಪತ್ರ, ಖಾಲಿ ಸೈಟಲ್ಲಿ ಕಲ್ಲುರಾಶಿ ಇದೆಯಲ್ಲ, ಭಾನುವಾರ ಎಲ್ಲರ ಮುಂದೆ ನಿನ್ನ ಟ್ರಕ್ಕು ಅದರ ತುದಿ ಹತ್ತಲಿ, ರೂಮು ನಿಂದು. ಆದ್ರೆ ಮಧ್ಯ ಯಾರೂ ಕೈ ಹಾಕೋ ಹಾಗಿಲ್ಲ. ಕೈ ಹಾಕಿದ್ಯೋ, ರೂಮು ನಿಮ್ಮಕ್ಕಂದು. ಯಾರು ಗೆದ್ರೂ ನಂಗೆ ಒಂದೇ, ಊಟದ ಮೇಜು ವಾಪಸ್ ಬಂದ್ರೆ ಸಾಕು."

ಮಾನ್ಯರೇ, ಅಲ್ಲಿಂದ ಮುಂದೆ ನಾನು ತಮಗೆ ಮಾಡಿದ ಸೇವೆಯನ್ನು ಎತ್ತಿ ಆಡುವುದು ಸೌಜನ್ಯವಲ್ಲ, ಆದ್ದರಿಂದ ಎತ್ತಿ ಆಡುತ್ತೇನೆ. ಕಂಪನಿಯವರು ತಮ್ಮ ಸ್ಕ್ರೂಗಳಿಗೆ ಅಂಟು ಹಾಕಿದ್ದರು. ಬಿಸಿ ತಾಗಿದರೆ ಸಡಿಲವಾಗುತ್ತದೆಂದು ಅಕ್ಕನ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ತಮ್ಮ ಸೊಂಟಕ್ಕೆ ಒತ್ತಿದೆ. ಸ್ಕ್ರೂ ಬಂತು, ಜೊತೆಗೆ ಇಸ್ತ್ರಿಯ ಮೂತಿಗೆ ಮಸಿಯೂ ಬಂದು, ಮರುದಿನ ಯಾರದೋ ಬಿಳಿ ಅಂಗಿಯ ಎದೆಗೆ ವರ್ಗವಾಯಿತು. "ಅಂಗಿಯವರು ಕೇಳಿದ್ರೆ ಏನೇ ಹೇಳ್ಲಿ? ಕ್ರಾಂತಿ ಆಯ್ತು ಅನ್ನಲಾ?" ಎಂದು ಅಕ್ಕ ಕೇಳಿದಾಗ ನಾನು ನನ್ನ ಪುಸ್ತಿಕೆಗಳ ಪುಟ ತಿರುವಿದೆ. ತಲೆಭಾರವಾಗಿ ತಾವು ಮಗುಚುತ್ತಿದ್ದಿರಿ; ಭಾರ ಕೆಳಗಿರಲೆಂದು, ಬಟ್ಟೆ ಕತ್ತರಿಸುವಾಗ ಜಾರದಂತೆ ಅಕ್ಕ ಮೇಲಿಡುತ್ತಿದ್ದ ಸೀಸದ ಬಿಲ್ಲೆಗಳನ್ನು ತಮ್ಮ ಚಕ್ರಗಳೊಳಗೆ ಸೇರಿಸಿದೆ. ಕುಲುಕಾಟ ತಡೆಯುವ ಕೊಳವೆಗಳಿಗೆ ಅಕ್ಕನ ಹೊಲಿಗೆಯಂತ್ರದ ಎಣ್ಣೆ ಕುಡಿಸಿದೆ. ಒಂದೇ ಅಚ್ಚಿನ ಎರಡು ಚಕ್ರಗಳಲ್ಲಿ ಒಂದು ಗಾಳಿಯಲ್ಲಿ ತೇಲಿದರೂ ಇನ್ನೊಂದರ ಬಲ ಕಸಿಯಬಾರದೆಂದು ಎರಡನ್ನೂ ಬಿಗಿದು ಜೋಡಿಸಿದೆ. ಸಮಾನತೆ ಎಂಬ ಪದ ನನಗೆ ಆವರೆಗೆ ಕಾಗದದ ಮೇಲಷ್ಟೇ ಗೊತ್ತಿತ್ತು, ಅಂದು ಬೆರಳಿಗೆ ಗ್ರೀಸಿನ ಹಾಗೆ ಅಂಟಿತು. ಖಾಲಿ ಸೀಟು ನೋಡಲಾರದೆ ಅಪ್ಪ ಒಂದು ಗೊಂಬೆ ಡ್ರೈವರನ್ನು ತಂದು ಕೂರಿಸಿದರು, ಅದು ಬೆತ್ತಲೆಯಿದೆಯೆಂದು ಮರುಗಿ ಅಕ್ಕ ಹೆಬ್ಬೆರಳಿನಷ್ಟು ಖಾಕಿ ಅಂಗಿ ಹೊಲಿದು ತೊಡಿಸಿದಳು. ಎದುರಾಳಿಗೆ ಅಂಗಿ ಹೊಲಿದುಕೊಡುವ ಇಂಥ ಶತ್ರು ಯಾವ ಚಳವಳಿಗೂ ಸಿಕ್ಕಿರಲಾರಳು.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ತಮ್ಮ ಹಿಂದಿನ ಅಚ್ಚಿಗೆ ಬಲ ತರುವ ಕಂಬಿ ತೀರಾ ಕೆಳಗಿದ್ದು ಕಲ್ಲುಕಲ್ಲಿಗೂ ತಗಲುತ್ತಿತ್ತು. ಅಚ್ಚನ್ನೇ ಬುಡಮೇಲು ಮಾಡಿ ಕೂರಿಸಿದರೆ ಕಂಬಿ ಮೇಲಕ್ಕೆ ಬರುತ್ತದೆಂದು ನನಗೆ ಆ ಭಾನುವಾರ ಬೆಳಿಗ್ಗೆ ಹೊಳೆಯಿತು. ಕೆಳಗಿರುವುದನ್ನು ಮೇಲೆ ತನ್ನಿ ಎಂದು ಬರೆಯುತ್ತ ಬಂದವಳು ಆ ಅವಕಾಶ ಬಿಟ್ಟೇನೇ? ಬುಡಮೇಲು ಮಾಡಿದೆ. ತಮ್ಮನ್ನು ಡಬ್ಬದ ಮೇಲೆತ್ತಿಟ್ಟು ಗುಂಡಿ ಒತ್ತಿದಾಗ ನಾಲ್ಕು ಚಕ್ರಗಳೂ ಗಾಳಿಯಲ್ಲಿ ಗಿರ್ರನೆ ತಿರುಗಿದವು. ನಾನು ಕುಣಿದೆ. ಯಾವ ದಿಕ್ಕಿಗೆ ತಿರುಗುತ್ತಿದ್ದೀರಿ ಎಂದು ಕೇಳುವುದು, ಇಷ್ಟು ದಿನದ ಒಡನಾಟದ ಮೇಲೆ, ಅಪನಂಬಿಕೆಯ ಮಾತಾದೀತೆಂದು ಕೇಳಲಿಲ್ಲ.

ಸೈಟಿನಲ್ಲಿ ಜನ ಸೇರಿದ್ದರು: ಅಪ್ಪ, ಅಕ್ಕ, ಮೂಲೆಯಂಗಡಿಯ ಕ್ಷೌರಿಕ, ಔಷಧದಂಗಡಿಯಾಕೆ, ಇನ್ನು ಅಂದು ಬೇರೆ ಕೆಲಸವಿಲ್ಲದವರೆಲ್ಲ. ನಾನು ಚುಟುಕಾಗಿ ಭಾಷಣ ಮಾಡಿದೆ, ಚುಟುಕಾಗಿ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಗುಂಡಿ ಒತ್ತಿದೆ. ತಾವು ಗುರ್ರೆಂದಿರಿ, ನಡುಗಿದಿರಿ, ಸೊಂಟ ಸೆಟೆದುಕೊಂಡು ಅಲ್ಲೇ ನಿಂತಿರಿ. ಇನ್ನಷ್ಟು ಒತ್ತಿದೆ, ತಾವು ಇನ್ನಷ್ಟು ನಡುಗಿದಿರಿ. ಗೊಂಬೆ ಡ್ರೈವರನ ತಲೆ ಜ್ವರ ಬಂದವನ ಹಾಗೆ ಅಲ್ಲಾಡತೊಡಗಿತು. "ಯೋಚ್ನೆ ಮಾಡ್ತಾ ಇದೆ ಕಣಮ್ಮಾ, ಅವಸರ ಮಾಡ್ಬೇಡ," ಎಂದ ಕ್ಷೌರಿಕ. "ನಮ್ ಯೂನಿಯನ್ ಮೀಟಿಂಗೂ ಹಿಂಗೇ, ಗಲಾಟೆ ಜಾಸ್ತಿ, ಜಾಗ ಬಿಟ್ಟು ಕದಲಲ್ಲ," ಎಂದರು ಅಪ್ಪ. ಅಕ್ಕ ನಕ್ಕು ನಕ್ಕು ನೆಲಕ್ಕೆ ಕುಸಿದು ಕೂತು, "ಏನೇ, ನಿನ್ನ ಸಂಘ ಆಗ್ಲೇ ಒಡೆದು ಹೋಯ್ತಾ?" ಎಂದಳು.

ಆಗ ನನ್ನ ಕಣ್ಣಿಗೆ ಬಿದ್ದದ್ದು ತಮ್ಮ ಹೊಟ್ಟೆಯಡಿ ಏಳುತ್ತಿದ್ದ ಮಣ್ಣಿನ ಗುಡ್ಡೆ. ಮುಂದಿನ ಚಕ್ರಗಳು ಮುಂದೆ ಹೋಗಲೆಳಸಿ ಮಣ್ಣನ್ನು ಹಿಂದಕ್ಕೆ ತೂರುತ್ತಿದ್ದವು, ಹಿಂದಿನವು ಹಿಂದೆ ಹೋಗಲೆಳಸಿ ಮುಂದಕ್ಕೆ ತೂರುತ್ತಿದ್ದವು, ಎರಡೂ ಕಡೆಯ ಮಣ್ಣು ನಡುವೆ ಬಂದು ರಾಶಿಯಾಗುತ್ತಿತ್ತು. ಅಂಗಿಯನ್ನು ಒಳಗಿನದು ಹೊರಗೆ ತಿರುವಿದರೆ ಎಡದ ಜೇಬು ಬಲಕ್ಕೆ ಬರುವಂತೆ, ಅಚ್ಚನ್ನು ಮಗುಚಿದಾಗ ಒಳಗಿನ ಹಲ್ಲುಗಾಲಿಯೂ ಈ ಪಕ್ಕದಿಂದ ಆ ಪಕ್ಕಕ್ಕೆ ಹೋಗಿತ್ತು. ಅದನ್ನು ತೆಗೆದು ಮತ್ತೆ ಮೊದಲಿನ ಪಕ್ಕಕ್ಕೆ ಹಾಕದಿದ್ದರೆ ಚಕ್ರ ತಿರುಗುಮುರುಗು ತಿರುಗುತ್ತದೆ. ಇಷ್ಟೊಂದು ಮುಖ್ಯವಾದ ವಿಷಯವನ್ನು ತಾವು ನನಗೆ ಮೊದಲೇ ತಿಳಿಸದೆ, ಸಾರ್ವಜನಿಕ ಸಭೆಗೆಂದು ಕಾದಿಟ್ಟಿದ್ದು ಯಾವ ನ್ಯಾಯ?

ನನ್ನ ಮುಖ ನೋಡಿ ಅಪ್ಪನ ಮನಸ್ಸು ಕರಗಿತು. "ಹೋಗ್ಲಿ ಬಿಡು, ಇವತ್ತಿನದು ಲೆಕ್ಕಕ್ಕಿಲ್ಲ. ಬಟ್ಟೆ ಮುಚ್ಚಿ ಒಳಗೆ ತಗೊಂಡೋಗು, ಸರಿ ಮಾಡ್ಕೊಂಡು ಮುಂದಿನ ವಾರ ಬಾ. ಇಲ್ಲೇ ಕೈ ಹಾಕಿದ್ರೆ ಮಾತ್ರ ಹಾಕಿದ ಹಾಗೇ ಲೆಕ್ಕ," ಎಂದರು. ಬಟ್ಟೆಯೂ ಕೈಯಲ್ಲಿತ್ತು. ಕೋಣೆ ಉಳಿಯುತ್ತಿತ್ತು. ಅಷ್ಟರಲ್ಲಿ ಕ್ಷೌರಿಕ ಕುಕ್ಕರುಗಾಲಲ್ಲಿ ಕೂತು ತಮ್ಮ ಹೊಟ್ಟೆಯಡಿ ಬಗ್ಗಿ ನೋಡುತ್ತ, "ಏನಾಗಿದೆಯಮ್ಮಾ ಒಳಗೆ? ಸ್ವಲ್ಪ ತೋರ್ಸು," ಎಂದ. ಹಿಂದಿದ್ದವರೂ ಹತ್ತಿರ ಸರಿದರು. ಕರಪತ್ರಗಳಿಗೆ ಬಾರದಿದ್ದ ಜನ, ಮಾನ್ಯರೇ! ಮುಚ್ಚಿದ ಬಾಗಿಲ ಹಿಂದೆ ಸರಿಮಾಡಿ ತರುತ್ತೇನೆ, ನೀವೆಲ್ಲ ಹೊರಗಿರಿ ಎಂದು ನಾನು ಹೇಳಿದರೆ, ತಮ್ಮ ಹೊಟ್ಟೆಗೆ ಚೀಟಿ ಅಂಟಿಸಿದ ಕಂಪನಿಗೂ ನನಗೂ ಏನು ವ್ಯತ್ಯಾಸ? ಬಟ್ಟೆಯನ್ನು ಮುಚ್ಚಲಿಲ್ಲ, ನೆಲಕ್ಕೆ ಹಾಸಿದೆ, ತಮ್ಮನ್ನು ಅದರ ಮೇಲೆ ಅಂಗಾತ ಮಲಗಿಸಿ ಸ್ಕ್ರೂಡ್ರೈವರ್ ಹಾಕಿದೆ. ಕೋಣೆ ಹೋಯಿತು.

ಹೋದದ್ದು ಯಾರಿಗೂ ನೆನಪಿರಲಿಲ್ಲವೆನ್ನುವುದು ಬೇರೆ ಮಾತು. ಗೆದ್ದ ಅಕ್ಕನೇ ಪಕ್ಕಕ್ಕೆ ಬಂದು ಕೂತು, ಗುಂಡುಸೂಜಿ ಕಚ್ಚಿಕೊಳ್ಳುವ ರೂಢಿಯಲ್ಲಿ ತಮ್ಮ ಸ್ಕ್ರೂಗಳನ್ನು ಸಾಲಾಗಿ ತುಟಿಯಲ್ಲಿ ಕಚ್ಚಿಕೊಂಡಳು. ಪಾಪ, ಆಮೇಲೆ ಒಂದು ಗಂಟೆ ಅವಳ ಬಾಯಿಂದ ಒಂದೂ ಕೊಂಕು ಬರಲಿಲ್ಲ. ಕ್ಷೌರಿಕ ತನ್ನ ಬ್ರಷ್ಷಿನಿಂದ ತಮ್ಮ ಕತ್ತಿನ ಮಣ್ಣು ಝಾಡಿಸಿದ. ಔಷಧದಂಗಡಿಯಾಕೆ ಚಿಮಟ ತಂದು ಹಲ್ಲುಗಾಲಿ ಎತ್ತಿಕೊಟ್ಟರು. ಮತ್ತೆ ಕಟ್ಟಿ ನಿಲ್ಲಿಸಿದ ಮೇಲೆ ತಾವು, ಏನೂ ಆಗಿಲ್ಲವೆಂಬಂತೆ, ಕಲ್ಲಿಂದ ಕಲ್ಲಿಗೆ ಕಾಲಿಡುತ್ತ ಏರಿದಿರಿ, ವಾಲಿದಿರಿ, ಸಾವರಿಸಿಕೊಂಡಿರಿ, ತುದಿ ಮುಟ್ಟಿದಿರಿ. ಸೈಟು ಸಿಳ್ಳೆಯಿಂದ ತುಂಬಿಹೋಯಿತು. ಅಪ್ಪ ಗೊಂಬೆ ಡ್ರೈವರನಿಗೆ ಸಲಾಮು ಹೊಡೆದು, ನನ್ನ ಕಡೆ ತಿರುಗಿ, "ರೂಮು ಮಾತ್ರ ಅಕ್ಕಂದೇ," ಎಂದರು.

ಹೀಗೆ ಬಾಗಿಲು, ಕಿಟಕಿ, ಬೀಗವಿದ್ದ ಒಂದು ಕೋಣೆಯನ್ನು ತಾವು ಕಳೆದು, ಅದರ ಬದಲಿಗೆ ಬಾಗಿಲಿಲ್ಲದ, ಸೂರಿಲ್ಲದ, ಕಲ್ಲುರಾಶಿಯೇ ಕುರ್ಚಿಯಾದ ಜಾಗಕ್ಕೆ ನನ್ನನ್ನು ದೂಡಿದ್ದೀರಿ. ಬಾಗಿಲಿಲ್ಲದ ಕಾರಣ ಯಾರನ್ನೂ ಹೊರಗೆ ಹಾಕುವಂತಿಲ್ಲ. ಅಂದೇ ಸಂಜೆ ಕ್ಷೌರಿಕ ತನ್ನ ಸತ್ತ ಟ್ರಿಮ್ಮರ್ ತಂದು, "ಹೆಂಗೂ ಕೈ ಕೊಳೆಯಾಗಿದೆಯಲ್ಲ, ಇದನ್ನೂ ಬಿಚ್ಚೋಣ," ಎಂದ. ಮರುದಿನ ಮಿಕ್ಸಿ ಬಂತು, ಫ್ಯಾನು ಬಂತು, ಮಾತಾಡುವ ಗೊಂಬೆಯೊಂದು ಮೂಕವಾಗಿ ಬಂತು. ನನಗೆ ಈಗ ಕರಪತ್ರ ಬರೆಯಲು ಬಿಡುವಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಒಬ್ಬ ಬರಹಗಾರ್ತಿಗೆ ಇನ್ನೇನಿದೆ?

ಆದ್ದರಿಂದ ಪರಿಹಾರವಾಗಿ ತಾವು ಈ ಕೆಳಕಂಡ ಕೃಪೆ ತೋರಬೇಕೆಂದು ಕೋರುತ್ತೇನೆ. ಮಧ್ಯಾಹ್ನದ ಬಿಸಿಲಿಗೆ ನೆರಳಾಗುವಷ್ಟು, ಅಂದರೆ ಈಗಿನ ಹತ್ತರಷ್ಟು, ತಾವು ಕೂಡಲೇ ಬೆಳೆಯಬೇಕು. ಬೆಳೆದ ಮೇಲೆ ಅಪ್ಪ ಓಡಿಸಲು ಕೇಳಿದರೆ ಇಲ್ಲವೆನ್ನಬಾರದು. ಆಗದಿದ್ದರೆ, ತಮ್ಮ ಹಿಂದಿನ ಚಕ್ರಗಳು ಅಂದು ಹಿಂದಕ್ಕೆ ಹೋಗಿ ನೋಡಬೇಕೆಂದಿದ್ದದ್ದು ಏನನ್ನು ಎಂಬುದನ್ನಾದರೂ ತಿಳಿಸಬೇಕು. ನನ್ನ ಸಂಘದಲ್ಲಿ ಭಿನ್ನಮತಕ್ಕೆ ಜಾಗವಿದೆ, ಮೊದಲೇ ಹೇಳಿದರೆ.

ಮತ್ತೆ ಮಗುಚುವವರೆಗೂ,
ತಮ್ಮ ವಿಶ್ವಾಸಿ,
ಕರಪತ್ರ

ತಾ.ಕ.: ಅಕ್ಕನ ಹೊಸ ಯಂತ್ರ ಬಂದು ಹಿಂದಿನ ಕೋಣೆಯಲ್ಲಿ ರಾಣಿಯ ಹಾಗೆ ಕೂತಿತ್ತು. ಅದರ ಹೊಟ್ಟೆಯಡಿಯೂ 'ಬಳಕೆದಾರರು ಬಿಚ್ಚತಕ್ಕದ್ದಲ್ಲ' ಎಂಬ ಚೀಟಿ ಇದೆ. ಇಂದು ಬೆಳಿಗ್ಗೆ ಅಕ್ಕ ಅದನ್ನು ಹೊತ್ತುಕೊಂಡು ತಾನಾಗಿಯೇ ಕಲ್ಲುರಾಶಿಗೆ ಬಂದು, ಬಟ್ಟೆ ಹಾಸಿ, "ದಾರ ತುಂಡು ಮಾಡ್ತಾ ಇದೆ ಕಣೇ, ಎಲ್ಲಿಂದ ಶುರು ಮಾಡ್ಲಿ?" ಎಂದಳು. ಆ ಯಂತ್ರ ತಮಗಿಂತ ವಿದ್ಯಾವಂತವಾಗಿದೆ. ಅದರ ಚಕ್ರಗಳೆಲ್ಲ ಒಂದೇ ಕಡೆ ತಿರುಗುತ್ತವೆ. ಅದಕ್ಕೆ ಹಾಕಲು ಅಕ್ಕನ ಬಳಿ ಎಣ್ಣೆ ಮುಗಿದಿದೆಯಂತೆ; ತಾವು ಕುಡಿದದ್ದನ್ನು ಕಕ್ಕಲು ಸಿದ್ಧರಾಗಿ.